ಯುದ್ಧದ ಬೆಲೆ ತೆರುವವರ ಮಾತು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ಇಂದು ನನಗೆ ಒಪ್ಪಿಸಿರುವ ವಿಷಯ ಸ್ವಲ್ಪ ಬೇರೆ ಬಗೆಯದು. ಹೊರದೇಶಕ್ಕೆ ಹೋಗಿ ಮಾಡಿದ ಯುದ್ಧ ಸಾರ್ಥಕವಾಯಿತೇ ಎಂದು ಕೇಳಿದರೆ ಒಂದೇ ನಾಡಿನ ಜನ ಹತ್ತು ಬಗೆಯಲ್ಲಿ ಉತ್ತರಿಸುತ್ತಾರೆ. ಯಾಕೆ ಹೀಗೆ? ಆ ಉತ್ತರಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು? ಹಲವು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಈಗ ಜಗತ್ತಿನಲ್ಲಿ ಎಲ್ಲಿ ಗುಂಡು ಹಾರಿದರೂ ಅದರ ಪರ-ವಿರೋಧದ ಮಾತು ನಮ್ಮ ಕಟ್ಟೆಗೆ, ನಮ್ಮ ಮೊಬೈಲಿಗೆ ಅದೇ ದಿನ ಬಂದು ಬೀಳುತ್ತದೆ. ನಮ್ಮ ಹುಡುಗರು ಅದಕ್ಕಾಗಿ ಜಗಳವಾಡಿ ಮಾತು ಬಿಟ್ಟಿರುವುದನ್ನೂ ಕಂಡಿದ್ದೇನೆ. ಆದ್ದರಿಂದ ಈ ವಿಚಾರ ಮಠದ ಅಂಗಳದಲ್ಲಿ ಆಗಬೇಕಾದದ್ದೇ.

ಇಂದು ನಡೆಯುತ್ತಿರುವ ಯುದ್ಧವನ್ನು ಹಿಡಿದು ಮಾತಾಡಿದರೆ ಬಿಸಿ ಹೆಚ್ಚು, ಬೆಳಕು ಕಡಿಮೆ. ಅದಕ್ಕೇ ಮೊದಲಾಗಿ, ಮುಗಿದು, ವಿಚಾರಣೆಯೂ ಆಗಿಹೋದ ಒಂದು ಯುದ್ಧವನ್ನು ಎತ್ತಿಕೊಳ್ಳುತ್ತೇನೆ. ಅದು 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಕೂಡಿ ಇರಾಕಿನ ಮೇಲೆ ನಡೆಸಿದ ಯುದ್ಧ.

ಹಿರಿಯರಿಗೆ ನೆನಪಿದೆ, ಕಿರಿಯರಿಗಾಗಿ ನಾಲ್ಕು ಮಾತು. ಇರಾಕನ್ನು ಆಗ ಸದ್ದಾಂ ಹುಸೇನ್ ಆಳುತ್ತಿದ್ದ. ಅವನ ಬಳಿ ಸಮೂಹನಾಶಕ ಅಸ್ತ್ರಗಳಿವೆ, ತಡೆಯದಿದ್ದರೆ ಜಗತ್ತಿಗೇ ಅಪಾಯ ಎಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಸಾರಿದರು. 2003ರ ಮಾರ್ಚ್ 20ರಂದು ಯುದ್ಧ ಆರಂಭವಾಯಿತು. ಏಪ್ರಿಲ್ 9ರಂದು ಬಾಗ್ದಾದ್ ಬಿದ್ದಿತು, ಸದ್ದಾಮನ ವಿಗ್ರಹ ಉರುಳಿತು. ಮೂರೇ ವಾರ. ಎಲ್ಲ ಮುಗಿಯಿತು ಎಂದುಕೊಂಡರು. ಆದರೆ ಕೊನೆಯ ಸೈನಿಕರು ಅಲ್ಲಿಂದ ಹೊರಟದ್ದು 2011ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸುಮಾರು 4,500 ಅಮೆರಿಕನ್ ಸೈನಿಕರು, 179 ಬ್ರಿಟಿಷ್ ಸೈನಿಕರು ಸತ್ತಿದ್ದರು. ಇರಾಕಿನ ಸಾಮಾನ್ಯ ಜನ, ಎಂದರೆ ಆಯುಧ ಹಿಡಿಯದ ಹೆಂಗಸರು, ಮಕ್ಕಳು, ಸಂತೆಗೆ ಬಂದವರು, ದಾಖಲೆಗೆ ಸಿಕ್ಕವರೇ ಒಂದು ಲಕ್ಷಕ್ಕೂ ಹೆಚ್ಚು. ಇನ್ನು ಆ ಅಸ್ತ್ರಗಳು? ಅಮೆರಿಕವೇ ನೇಮಿಸಿದ ಪರಿಶೋಧನಾ ತಂಡ ದೇಶವನ್ನೆಲ್ಲ ಜಾಲಾಡಿ, ಯುದ್ಧಕ್ಕೆ ಕಾರಣವೆಂದು ಹೇಳಿದ ಅಂಥ ಸಂಗ್ರಹ ಇರಲಿಲ್ಲ ಎಂದು 2004ರಲ್ಲಿ ವರದಿ ಕೊಟ್ಟಿತು.

ಈಗ ಜನಾಭಿಪ್ರಾಯಕ್ಕೆ ಬರೋಣ. ಅಮೆರಿಕದಲ್ಲಿ ಗ್ಯಾಲಪ್ ಎಂಬ ಹಳೆಯ ಸಮೀಕ್ಷಾ ಸಂಸ್ಥೆ ಇದೆ. ಇರಾಕಿಗೆ ಸೇನೆ ಕಳಿಸಿದ್ದು ತಪ್ಪೇ ಎಂದು ಅದು ಜನರನ್ನು ಮತ್ತೆ ಮತ್ತೆ ಕೇಳಿತು. ಯುದ್ಧ ಶುರುವಾದ ಹೊಸತರಲ್ಲಿ ತಪ್ಪು ಎಂದವರು ನೂರಕ್ಕೆ 23 ಜನ ಮಾತ್ರ, ತಪ್ಪಲ್ಲ ಎಂದವರು 75. ಹದಿನೈದು ತಿಂಗಳು ಕಳೆಯಿತು. 2004ರ ಜೂನ್‌ನಲ್ಲಿ ತಪ್ಪು ಎಂದವರು 54 ಆದರು. ವಿಯೆಟ್ನಾಂ ಯುದ್ಧದಲ್ಲೂ ಹೀಗೇ ಆಗಿತ್ತು. 1965ರ ಆಗಸ್ಟಿನಲ್ಲಿ ತಪ್ಪು ಎಂದವರು ನೂರಕ್ಕೆ 24, 1971ರ ಮೇ ಹೊತ್ತಿಗೆ 61.

ನಮ್ಮಲ್ಲಿ ಒಂದು ಗಾದೆ ಇದೆ: ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಅಂಕಿಗಳನ್ನು ನೋಡಿದಾಗ ಅದೇ ನೆನಪಾಗುತ್ತದೆ. ಯುದ್ಧಕ್ಕೆ ಕೊಟ್ಟ ಕಾರಣ ಮೊದಲ ದಿನ ಎಷ್ಟು ನಿಜವಾಗಿತ್ತೋ ಹದಿನೈದು ತಿಂಗಳ ನಂತರವೂ ಅಷ್ಟೇ ನಿಜ. ಬದಲಾದದ್ದು ಜನರ ಕಣ್ಣಿಗೆ ಬಿದ್ದ ಬೆಲೆ. ಶವಪೆಟ್ಟಿಗೆಗಳು ಊರಿಗೆ ಬಂದವು, ಅಸ್ತ್ರಗಳು ಸಿಗಲಿಲ್ಲ, ಆಗ ಮನಸ್ಸು ತಿರುಗಿತು.

ಆದರೆ ಮನಸ್ಸು ಎಲ್ಲರದೂ ಒಂದೇ ಕಡೆ ತಿರುಗಲಿಲ್ಲ. ಇಲ್ಲಿಂದ ನನ್ನ ಮುಖ್ಯ ಮಾತು ಆರಂಭ.

ಮೊದಲನೆಯದಾಗಿ, ಯುದ್ಧ ಸಾರ್ಥಕವೇ ಎಂಬುದಕ್ಕೆ ಉತ್ತರ ಹೇಳುವವನು ಎಲ್ಲಿ ಕುಳಿತಿದ್ದಾನೆ ಎಂಬುದನ್ನು ನೋಡಬೇಕು. ಇರಾಕಿನ ಉತ್ತರದಲ್ಲಿ ಕುರ್ದ್ ಜನಾಂಗದವರಿದ್ದಾರೆ. ಅಲ್ಲಿಯ ಹಲಬ್ಜಾ ಎಂಬ ಊರಿನ ಮೇಲೆ 1988ರ ಮಾರ್ಚ್ 16ರಂದು ಸದ್ದಾಮನ ಸೇನೆ ವಿಷಾನಿಲ ಸುರಿಯಿತು. ಸುಮಾರು 5,000 ಜನ ಸತ್ತರು. ಕೂಸನ್ನು ಎದೆಗವಚಿಕೊಂಡೇ ತಂದೆಯೊಬ್ಬ ಹೊಸ್ತಿಲ ಬಳಿ ಸತ್ತುಬಿದ್ದ ಚಿತ್ರವನ್ನು ಜಗತ್ತೇ ನೋಡಿತು. ಆ ಊರಿನಲ್ಲಿ ಬದುಕುಳಿದವನನ್ನು ಹೋಗಿ ಕೇಳಿ, ಅಮೆರಿಕದ ಸೇನೆ ಬಂದದ್ದು ತಪ್ಪೇ ಎಂದು. ಅವನು ನಿಮ್ಮನ್ನೇ ವಿಚಿತ್ರವಾಗಿ ನೋಡಿಯಾನು. ಅವನ ಪಾಲಿಗೆ ಅದು ಬಿಡುಗಡೆ. ಅದೇ ಬಾಗ್ದಾದಿನ ತಾಯಿಯೊಬ್ಬಳನ್ನು ಕೇಳಿ. 2003ರ ಮೊದಲು ಅವಳು ಸದ್ದಾಮನಿಗೆ ಹೆದರಿ ಬಾಯಿ ಮುಚ್ಚಿಕೊಂಡು ಬದುಕಿದ್ದಳು, ಆದರೆ ಮಗ ಸಂತೆಗೆ ಹೋದರೆ ಸಂಜೆ ಮನೆಗೆ ಬರುತ್ತಾನೆಂಬ ನಂಬಿಕೆ ಇತ್ತು. ಆಮೇಲೆ ಸಂತೆಯಲ್ಲಿ ಬಾಂಬು, ಓಣಿಯಲ್ಲಿ ಶಿಯಾ-ಸುನ್ನಿ ಕೊಲೆ, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಅವಳ ಉತ್ತರ ಬೇರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಆದ್ದರಿಂದ ಸದ್ದಾಂ ಒಳ್ಳೆಯವನಾಗಿದ್ದ, ಯುದ್ಧ ಮಾಡಿದವರು ಮಾತ್ರ ಕೆಟ್ಟವರು ಎಂದು ಸರಳ ಮಾಡುವುದು ಸರಿಯಲ್ಲ. ಕ್ರೂರಿ ಹೋದ, ಅದು ಒಳ್ಳೆಯದು ಎನ್ನುವವನ ಮಾತಿನಲ್ಲಿ ಹುರುಳಿದೆ. ಕ್ರೂರಿಯನ್ನು ತೆಗೆಯಲು ಇಷ್ಟು ಜನ ಸಾಯಬೇಕಿತ್ತೇ ಎನ್ನುವವನ ಮಾತಿನಲ್ಲೂ ಹುರುಳಿದೆ. ಇಬ್ಬರನ್ನೂ ಎದುರು ಕೂರಿಸಿ ಕೇಳುವ ತಾಳ್ಮೆ ನಮಗಿರಬೇಕು.

ಎರಡನೆಯದಾಗಿ, ಬೆಲೆ ಯಾರು ತೆರುತ್ತಾರೆ ಎಂಬುದನ್ನು ನೋಡಬೇಕು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಕಡ್ಡಾಯ ಸೈನ್ಯಸೇವೆ ಇತ್ತು. 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿ ಯಾರು ಮೊದಲು ಹೋಗಬೇಕೆಂದು ನಿರ್ಧರಿಸಿದರು. ಯಾರ ಮನೆಯ ಬಾಗಿಲಿಗೆ ಬೇಕಾದರೂ ಆ ಚೀಟಿ ಬರಬಹುದಿತ್ತು. ಇರಾಕ್ ಯುದ್ಧದ ಹೊತ್ತಿಗೆ ಅದು ಇರಲಿಲ್ಲ. ಸೇನೆಗೆ ಸೇರಿದವರು ತಾವಾಗಿ ಸೇರಿದವರು. ದೇಶದ ಜನಸಂಖ್ಯೆಯಲ್ಲಿ ಯಾವ ಹೊತ್ತಿಗೆ ಲೆಕ್ಕ ಹಾಕಿದರೂ ಸಕ್ರಿಯ ಸೇವೆಯಲ್ಲಿದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇನ್ನೊಂದು ಸಂಗತಿ ಗಮನಿಸಿ. ಯುದ್ಧ ಬಂದರೆ ತೆರಿಗೆ ಏರುವುದು ವಾಡಿಕೆ. ಇಲ್ಲಿ ಯುದ್ಧ ಶುರುವಾದ ಎರಡೇ ತಿಂಗಳಿಗೆ, 2003ರ ಮೇನಲ್ಲಿ, ತೆರಿಗೆ ಇಳಿಸುವ ಕಾನೂನಿಗೆ ಅಧ್ಯಕ್ಷರು ಸಹಿ ಹಾಕಿದರು. ಯುದ್ಧ ಸಾಲದಲ್ಲಿ ನಡೆಯಿತು.

ಹೀಗಾಗಿ ಹೆಚ್ಚಿನ ಮನೆಗಳಿಂದ ಮಗನೂ ಹೋಗಲಿಲ್ಲ, ಜೇಬಿನಿಂದ ದುಡ್ಡೂ ಹೋಗಲಿಲ್ಲ. ಯುದ್ಧ ಬೇಕು ಎನ್ನುವುದು ಅವರಿಗೆ ಸುಲಭ. ಬೇಡ ಎಂದು ಹೇಳಿ ಸುಮ್ಮನಾಗುವುದೂ ಅಷ್ಟೇ ಸುಲಭ. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಹಾಗೆ. ವ್ಯತ್ಯಾಸವೆಂದರೆ ಈ ಜಾತ್ರೆಗೆ ಹೋದದ್ದು ದುಡ್ಡು ಮಾತ್ರವಲ್ಲ, ಯಾರದ್ದೋ ಮಗ.

ಮೂರನೆಯ ಸಂಗತಿ ರೈತರಿಗೆ ಬೇಗ ಅರ್ಥವಾಗುತ್ತದೆ. ಯುದ್ಧಕ್ಕೆ ಹೋಗಿದ್ದೇ ತಪ್ಪು ಎಂದು ಒಪ್ಪಿದವರಲ್ಲೂ ಬಹಳ ಜನ, ಈಗಲೇ ವಾಪಸ್ ಬರುವುದು ಬೇಡ ಎಂದರು. ಇದು ಹೇಗೆ? ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಕೊರೆಸುವುದನ್ನು ನೆನೆದುಕೊಳ್ಳಿ. ಮುನ್ನೂರು ಅಡಿಗೆ ನೀರು ಬರಲಿಲ್ಲ. ಇಷ್ಟು ಹಾಕಿದ್ದೇವೆ, ಇನ್ನೊಂದು ನೂರು ಅಡಿ ನೋಡೋಣ. ಆಮೇಲೆ ಇನ್ನೊಂದು ನೂರು. ಮೊದಲು ಹಾಕಿದ ದುಡ್ಡು ಹಾಳಾಗಬಾರದೆಂದು ಮತ್ತಷ್ಟು ಸಾಲ. ಯುದ್ಧದಲ್ಲೂ ಇದೇ ಲೆಕ್ಕ. ಸತ್ತವರ ಬಲಿದಾನ ವ್ಯರ್ಥವಾಗಬಾರದು ಎಂದು ಇನ್ನಷ್ಟು ಹುಡುಗರನ್ನು ಕಳಿಸುತ್ತಾರೆ. ಹಾಗೆಂದು ಹಿಂದಿರುಗಬೇಡಿ ಎಂದವರೆಲ್ಲ ಮೂರ್ಖರಲ್ಲ. ಸೇನೆ ಹೊರಟ ಎರಡೂವರೆ ವರ್ಷಕ್ಕೆ, 2014ರ ಜೂನ್‌ನಲ್ಲಿ, ಮೊಸುಲ್ ನಗರ ಐಸಿಸ್ ಉಗ್ರರ ಕೈ ಸೇರಿತು. ನಾವು ಹೇಳಿರಲಿಲ್ಲವೇ ಎಂದು ಅವರು ಕೇಳಿದರು. ಹೋಗದೇ ಇದ್ದಿದ್ದರೆ ಈ ಉಗ್ರರಿಗೆ ನೆಲೆಯೇ ಸಿಗುತ್ತಿರಲಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದರು. ಕೆಟ್ಟ ಆರಂಭಕ್ಕೆ ಒಳ್ಳೆಯ ಮುಕ್ತಾಯ ಹುಡುಕುವುದು ಅಷ್ಟು ಕಷ್ಟ.

ಈಗ ತಾಯಂದಿರು ಸ್ವಲ್ಪ ಗಮನ ಕೊಡಬೇಕು. ಬೆಲೆ ತೆತ್ತವರಾದರೂ ಒಂದೇ ಮಾತು ಹೇಳುತ್ತಾರೆಯೇ? ಇಲ್ಲ. ಸಿಂಡಿ ಶೀಹನ್ ಎಂಬ ತಾಯಿ. ಅವಳ ಮಗ ಕೇಸಿ 2004ರ ಏಪ್ರಿಲ್ 4ರಂದು ಬಾಗ್ದಾದಿನ ಸದರ್ ಸಿಟಿಯಲ್ಲಿ ಸತ್ತ. ವಯಸ್ಸು 24. ಮರುವರ್ಷ ಆಗಸ್ಟಿನಲ್ಲಿ ಆ ತಾಯಿ ಟೆಕ್ಸಾಸಿನ ಕ್ರಾಫರ್ಡ್ ಎಂಬಲ್ಲಿ, ಅಧ್ಯಕ್ಷ ಬುಷ್ ರಜೆ ಕಳೆಯುತ್ತಿದ್ದ ತೋಟದ ಮನೆಯ ದಾರಿಯಲ್ಲಿ ಡೇರೆ ಹಾಕಿ ಕುಳಿತಳು. ನನ್ನ ಮಗ ಯಾವ ಘನವಾದ ಕಾರಣಕ್ಕೆ ಸತ್ತ, ಅಧ್ಯಕ್ಷರು ಬಂದು ನನ್ನೆದುರು ಹೇಳಲಿ ಎಂಬುದು ಅವಳ ಬೇಡಿಕೆ. ಸಾವಿರಾರು ಜನ ಅವಳ ಜೊತೆ ಸೇರಿದರು. ಯುದ್ಧದಲ್ಲಿ ಸತ್ತವರ ಹೆಸರು ಬರೆದ ಬಿಳಿ ಶಿಲುಬೆಗಳನ್ನು ರಸ್ತೆಯುದ್ದಕ್ಕೂ ನೆಟ್ಟರು.

ಆಗ ಇನ್ನೊಬ್ಬ ತಂದೆ ಅಲ್ಲಿಗೆ ಬಂದ. ಅವನೂ ಇರಾಕಿನಲ್ಲಿ ಮಗನನ್ನು ಕಳೆದುಕೊಂಡವನೇ. ತನ್ನ ಮಗನ ಹೆಸರಿದ್ದ ಶಿಲುಬೆಯನ್ನು ಕಿತ್ತುಕೊಂಡು ಹೋದ. ನನ್ನ ಮಗ ನಂಬಿ ಹೋದ ಕೆಲಸ ಸರಿಯಾದದ್ದು, ಅವನ ಹೆಸರನ್ನು ಅದಕ್ಕೆ ವಿರುದ್ಧವಾಗಿ ಬಳಸಬೇಡಿ ಎಂಬುದು ಅವನ ನಿಲುವು. ಇಬ್ಬರ ಮನೆಯಲ್ಲೂ ಹಾಸಿಗೆ ಖಾಲಿ. ಒಬ್ಬಳಿಗೆ ಯುದ್ಧ ನಿರರ್ಥಕವೆಂದು ಹೇಳದೆ ಬದುಕಲಾಗದು. ಇನ್ನೊಬ್ಬನಿಗೆ ಅದು ಸಾರ್ಥಕವೆಂದು ನಂಬದೆ ಬದುಕಲಾಗದು. ಇವರಲ್ಲಿ ಯಾರನ್ನು ಹೀಯಾಳಿಸುತ್ತೀರಿ? ಇಬ್ಬರ ಮುಂದೆಯೂ ತಲೆ ತಗ್ಗಿಸಬೇಕಷ್ಟೆ.

ಯುದ್ಧ ಮಾಡಿ ಬಂದ ಸೈನಿಕರದೂ ಇದೇ ಕಥೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆ 2011ರಲ್ಲಿ ಅವರನ್ನು ಕೇಳಿದಾಗ, ಇರಾಕ್ ಯುದ್ಧ ಮಾಡಿದ್ದಕ್ಕೆ ತಕ್ಕ ಫಲ ಸಿಕ್ಕಿದೆ ಎಂದವರು ನೂರಕ್ಕೆ 44. ಸಾಮಾನ್ಯ ಜನರಲ್ಲಿ 36. ಎಂದರೆ ಹೋಗಿ ಬಂದವರಿಗೇ ಆ ಯುದ್ಧದ ಮೇಲೆ ಸ್ವಲ್ಪ ಹೆಚ್ಚು ನಂಬಿಕೆ ಉಳಿದಿತ್ತು. 2019ರಲ್ಲಿ ಅದೇ ಸಂಸ್ಥೆ ಎಲ್ಲ ಮಾಜಿ ಸೈನಿಕರನ್ನು ಕೇಳಿದಾಗ 64 ಜನ ಇಲ್ಲ, ಆ ಬೆಲೆಗೆ ತಕ್ಕದ್ದಾಗಲಿಲ್ಲ ಎಂದರು. ಸಾಮಾನ್ಯ ಜನರಲ್ಲಿ 62. ಕೊನೆಗೆ ಹೋದವರೂ ಹೋಗದವರೂ ಒಂದೇ ಮಾತಿಗೆ ಬಂದಿದ್ದರು. ಬರುವಷ್ಟರಲ್ಲಿ ಹದಿನಾರು ವರ್ಷ ಕಳೆದಿತ್ತು.

ಹಾಗಾದರೆ ಮೊದಲೇ ಬೇಡ ಎಂದವರು ಯಾರೂ ಇರಲಿಲ್ಲವೇ? ಇದ್ದರು. 2003ರ ಫೆಬ್ರವರಿ 15ರಂದು, ಯುದ್ಧ ಶುರುವಾಗುವ ಒಂದು ತಿಂಗಳು ಮೊದಲು, ಲಂಡನ್, ರೋಮ್ ಸೇರಿ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಬ್ರಿಟನ್ನಿನ ಮಂತ್ರಿ ರಾಬಿನ್ ಕುಕ್ ಮಾರ್ಚ್ 17ರಂದು ರಾಜೀನಾಮೆ ಕೊಟ್ಟು, ಇರಾಕಿನಲ್ಲಿ ನೀವು ಹೇಳುವಂಥ ಅಸ್ತ್ರಗಳು ಇರುವ ಸಂಭವ ಕಡಿಮೆ ಎಂದು ತನ್ನದೇ ಸರ್ಕಾರಕ್ಕೆ ಸಂಸತ್ತಿನಲ್ಲಿ ಹೇಳಿದ. ಮರುದಿನ ಸಂಸತ್ತು 412-149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಸರ್ ಜಾನ್ ಚಿಲ್ಕಾಟ್ ಅವರ ಅಧ್ಯಕ್ಷತೆಯ ಸಮಿತಿ ಏಳು ವರ್ಷ ವಿಚಾರಣೆ ನಡೆಸಿ 2016ರ ಜುಲೈ 6ರಂದು ವರದಿ ಪ್ರಕಟಿಸಿತು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತು, ಆ ಹೊತ್ತಿಗೆ ಯುದ್ಧ ಕಟ್ಟಕಡೆಯ ದಾರಿಯಾಗಿರಲಿಲ್ಲ ಎಂಬುದು ಅದರ ತೀರ್ಮಾನ. ಕುಕ್ ಆಗ ಬದುಕಿರಲಿಲ್ಲ. 2005ರಲ್ಲೇ ತೀರಿಕೊಂಡಿದ್ದ.

ಇದು ಪರದೇಶದ ಮಾತಾಯಿತು, ನಮಗೇನು ಎಂದು ಯಾರಾದರೂ ಕೇಳಬಹುದು. ನಮ್ಮ ಬಾಗಿಲಿಗೂ ಬಂದಿತ್ತು ಈ ಪ್ರಶ್ನೆ. ಬಾಗ್ದಾದ್ ಬಿದ್ದ ಮೇಲೆ ಅಮೆರಿಕ ಭಾರತವನ್ನು ಕೇಳಿತು: ಇರಾಕಿಗೆ ನಿಮ್ಮ ಒಂದು ಡಿವಿಜನ್ ಸೇನೆ ಕಳಿಸಿ ಎಂದು. ಎಂದರೆ ಸುಮಾರು 17,000 ಸೈನಿಕರು. ಆಗ ವಾಜಪೇಯಿ ಅವರ ಸರ್ಕಾರ. ದೇಶದಲ್ಲಿ ಎರಡು ಅಭಿಪ್ರಾಯಗಳೆದ್ದವು. ಕಳಿಸಿದರೆ ದೊಡ್ಡ ದೇಶದ ಸ್ನೇಹ ಬೆಳೆಯುತ್ತದೆ, ಇರಾಕಿನ ಮರುನಿರ್ಮಾಣದಲ್ಲಿ ಪಾಲು ಸಿಗುತ್ತದೆ, ಜಗತ್ತಿನಲ್ಲಿ ನಮ್ಮ ಸ್ಥಾನ ಏರುತ್ತದೆ ಎಂದರು ಕೆಲವರು. ವಿಶ್ವಸಂಸ್ಥೆಯ ಧ್ವಜವಿಲ್ಲದೆ ಇನ್ನೊಬ್ಬರ ಯುದ್ಧಕ್ಕೆ ನಮ್ಮ ಮಕ್ಕಳು ಯಾಕೆ ಎಂದರು ಉಳಿದವರು. ಶ್ರೀಲಂಕಾದ ನೆನಪೂ ಇತ್ತು. 1987ರಿಂದ 1990ರವರೆಗೆ ಅಲ್ಲಿಗೆ ಶಾಂತಿಪಾಲನೆಗೆಂದು ಹೋದ ನಮ್ಮ ಪಡೆಯ ಸುಮಾರು 1,200 ಸೈನಿಕರು ಹಿಂದಿರುಗಿರಲಿಲ್ಲ. 2003ರ ಜುಲೈ 14ರಂದು ಸಚಿವ ಸಂಪುಟದ ಭದ್ರತಾ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿತು.

ಆ ತೀರ್ಮಾನ ಬೇರೆಯಾಗಿದ್ದರೆ ಯಾವ ಊರುಗಳಿಗೆ ತಂತಿ ಬರುತ್ತಿತ್ತು ಯೋಚಿಸಿ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ ನಮಗೆಲ್ಲ ಗೊತ್ತು. ನಮ್ಮ ಜಿಲ್ಲೆಗಳ ಹಳ್ಳಿ ಹಳ್ಳಿಯಲ್ಲಿ ಸೈನಿಕರ ಮನೆಗಳಿವೆ, ಕೊಡಗಿನಲ್ಲಿವೆ. ಯುದ್ಧದ ಪರವಾಗಿ ಟಿ.ವಿ. ಮುಂದೆ ಗಂಟಲು ಹರಿಯುವಂತೆ ಕೂಗುವ ಮನೆ ಬೇರೆ, ಫೋನು ಬಂದಾಗಲೆಲ್ಲ ಎದೆ ಹಿಡಿದುಕೊಳ್ಳುವ ಮನೆ ಬೇರೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯುದ್ಧವನ್ನು ಪ್ರಶ್ನಿಸುವುದು ಯೋಧನನ್ನು ಅವಮಾನಿಸಿದಂತಲ್ಲ. ಕಳಿಸುವ ನಿರ್ಧಾರ ಅವನದಲ್ಲ. ಅವನು ತನ್ನ ಕಾಯಕ ಮಾಡಿದ್ದಾನೆ. ಕಳಿಸಿದವರನ್ನು ಲೆಕ್ಕ ಕೇಳುವುದು ಅವನಿಗೆ ನಾವು ಸಲ್ಲಿಸುವ ಗೌರವವೇ ಆಗಿದೆ.

ಶರಣ ಬಂಧುಗಳೇ, ಅನುಭವ ಮಂಟಪದ ಪರಂಪರೆಯವರು ನಾವು. ಅಲ್ಲಿ ಬಟ್ಟೆ ಒಗೆಯುವವರೂ ದೋಣಿ ನಡೆಸುವವರೂ ಮಾತಾಡಿದರು. ದುಡಿಯುವವನ ಮಾತು ಬರದೆ ವಿಚಾರ ಪೂರ್ಣವಾಗುವುದಿಲ್ಲ ಎಂಬುದು ಅಲ್ಲಿಯ ತಿಳಿವಳಿಕೆ. ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗ ನಿಮಗೆ ಗೊತ್ತು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಆ ಕಾಲದ ದೊಡ್ಡವರ ಸಾಲಿನಲ್ಲಿ ಅವಳಿಗೆ ಅಧಿಕಾರವಿರಲಿಲ್ಲ, ಧನವಿರಲಿಲ್ಲ. ಆದರೆ ಪ್ರಶ್ನೆ ಕೇಳಿದಳು. ಕೇಳಿದ್ದು ಯಾವಾಗ? ಅಡುಗೆಯಾದ ಮೇಲಲ್ಲ, ಅಕ್ಕಿ ಒಲೆಗೆ ಹೋಗುವ ಮೊದಲು. ಮಾರಯ್ಯನೂ ಅದನ್ನು ಅವಮಾನವೆಂದು ಎಣಿಸದೆ ನಡೆದುಕೊಂಡ. ಒಂದು ಹಿಡಿ ಅಕ್ಕಿಗೆ ಅಷ್ಟು ವಿಚಾರ. ಸಾವಿರಾರು ಪ್ರಾಣಗಳಿಗೆ ಎಷ್ಟಿರಬೇಕು?

ಆದ್ದರಿಂದ ಯುವ ಮಿತ್ರರಿಗೆ ನನ್ನ ವಿನಂತಿ. ನಾಳೆ ಯಾವುದೇ ಯುದ್ಧದ ಪರ ಅಥವಾ ವಿರುದ್ಧ ಮಾತಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರ ಬೆಲೆ ತೆರುವವರು ಯಾರು, ಅವರಲ್ಲಿ ನನ್ನ ಮನೆಯವರು ಇದ್ದಾರೆಯೇ? ಕೊಟ್ಟಿರುವ ಕಾರಣವನ್ನು ಪರೀಕ್ಷಿಸಿ ನೋಡಿದ್ದಾರೆಯೇ, ನೋಡಲು ಸಮಯ ಕೊಟ್ಟಿದ್ದಾರೆಯೇ? ಯಾರ ನೆಲದಲ್ಲಿ ಯುದ್ಧ ನಡೆಯುತ್ತದೆಯೋ ಆ ಜನ ಏನು ಹೇಳುತ್ತಾರೆ? ಈ ಮೂರನ್ನೂ ಕೇಳಿಕೊಂಡ ಮೇಲೂ ಇಬ್ಬರು ಪ್ರಾಮಾಣಿಕರು ಬೇರೆ ಬೇರೆ ಉತ್ತರಕ್ಕೆ ಬರಬಹುದು. ಎಲ್ಲ ಯುದ್ಧವೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಮನೆಗೆ ನುಗ್ಗಿದವನನ್ನು ತಡೆಯಲೇಬೇಕಾಗುತ್ತದೆ. ಆದರೆ ಇನ್ನೊಬ್ಬರ ಮನೆಗೆ ಹೋಗಿ ಸರಿಪಡಿಸುತ್ತೇನೆ ಎನ್ನುವವನು ಹೆಚ್ಚಿನ ಪುರಾವೆ ಕೊಡಬೇಕು. ನೂರರಲ್ಲಿ 75 ಜನ ಹೌದು ಎಂದ ದಿನವೂ ಇಲ್ಲ ಎಂದ 23 ಜನರ ಮಾತನ್ನು ಕುಳಿತು ಕೇಳಬೇಕು. ಅವರನ್ನು ದೇಶದ್ರೋಹಿ ಎಂದು ಕರೆದು ಬಾಯಿ ಮುಚ್ಚಿಸಿದರೆ ಅವರು ಮಾತ್ರ ಸೋಲುವುದಿಲ್ಲ, ಸತ್ಯ ತಿಳಿಯುವ ಅವಕಾಶ ನಮ್ಮೆಲ್ಲರ ಕೈತಪ್ಪುತ್ತದೆ.

ಇರಾಕ್ ಯುದ್ಧ ಸಾರ್ಥಕವಾಯಿತೇ ಎಂದು ನನ್ನನ್ನೇ ಕೇಳಿದರೆ, ಇಲ್ಲ ಎನ್ನುತ್ತೇನೆ. ಹೇಳಿದ ಕಾರಣ ನಿಜವಾಗಿರಲಿಲ್ಲ, ಬೆಲೆ ತೆತ್ತವರನ್ನು ಮೊದಲು ಯಾರೂ ಕೇಳಿರಲಿಲ್ಲ. ಹಲಬ್ಜಾದಿಂದ ಒಬ್ಬರು ಬಂದು ನಿಮ್ಮ ಮಾತು ಸರಿಯಲ್ಲ ಎಂದರೆ, ಅವರನ್ನು ಈ ಮಂಟಪದಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಕೇಳಲು ನಾನು ಸಿದ್ಧ.

 ಇನ್ನು ನಿಮ್ಮ ಪ್ರಶ್ನೆಗಳು ಬರಲಿ.